ಸೋಲಲು ಹೇಳಿದ ಕೋಚ್

ಅವರ ಬಲಗೈಯ ತೋರುಬೆರಳು ಸೊಟ್ಟಗಿತ್ತು. ಚೆಂಡು ಬಡಿದು ಮುರಿದದ್ದನ್ನು ತಾವೇ ಎಳೆದು ಕಟ್ಟಿಕೊಂಡಿದ್ದರಂತೆ. ಅದೇ ಬೆರಳಿನಿಂದ ನಮ್ಮ ತಪ್ಪು ತೋರಿಸುತ್ತಿದ್ದುದರಿಂದ ಯಾವಾಗಲೂ ತಪ್ಪು ಮಾಡಿದವನ ಪಕ್ಕದವನು ಬೈಸಿಕೊಳ್ಳುತ್ತಿದ್ದ.

ಅವರು ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಫಿಟ್ಟರ್. ಸಂಜೆ ಗಿರಣಿಯ ಹಿಂದಿನ ಅಂಗಳದಲ್ಲಿ ನಮ್ಮ ಬ್ಯಾಸ್ಕೆಟ್‌ಬಾಲ್ ಕೋಚ್. ಎಷ್ಟು ತೊಳೆದರೂ ಅವರ ಕೈಯಿಂದ ಹಿಂಡಿಯ ವಾಸನೆ ಹೋಗುತ್ತಿರಲಿಲ್ಲ. ನಮ್ಮ ಚೆಂಡಿಗೂ ಅದೇ ವಾಸನೆ.

ನಾನು ಆಟಗಾರ, ಲೆಕ್ಕ ಬರೆಯುವವನೂ ನಾನೇ. ೧೯೯೮ರ ಡೈರಿಯಲ್ಲಿದೆ: ಆಡಿದ್ದು ಒಂಬತ್ತು, ಗೆದ್ದದ್ದು ಒಂದು. ಮೊಳಕಾಲ್ಮೂರಿನವರದೂ ಅಷ್ಟೇ. ಉಳಿದಿದ್ದದ್ದು ನಮ್ಮಿಬ್ಬರ ಪಂದ್ಯ.

ಗಿರಣಿ ಸಾಹುಕಾರರು ಹೇಳಿಬಿಟ್ಟಿದ್ದರು: "ಇನ್ನೊಂದು ವರ್ಷ ನೋಡ್ತೀನಿ. ಕಪ್ ಬರ್ಲಿಲ್ಲ ಅಂದ್ರೆ ಆ ಜಾಗದಾಗೆ ಶೇಂಗಾ ಒಣಗಾಕ್ತೀನಿ."

ನಮ್ಮ ಲೀಗಿನಲ್ಲಿ ಕೊನೆಗೆ ಬಂದ ತಂಡ ಮುಂದಿನ ವರ್ಷದ ಹೊಸ ಆಟಗಾರರಲ್ಲಿ ಮೊದಲು ಆರಿಸಿಕೊಳ್ಳಬಹುದಿತ್ತು. ಆ ಸಲ ಸಿದ್ದಾಪುರದ ಕುರಿ ಕಾಯುವ ತರುಣನೊಬ್ಬ ಹೆಸರು ಕೊಟ್ಟಿದ್ದ. ಆರೂವರೆ ಅಡಿ, ನಿಂತಲ್ಲಿಂದ ನೆಗೆದು ರಿಂಗ್ ಹಿಡಿಯುತ್ತಿದ್ದ.

ಪಂದ್ಯದ ಹಿಂದಿನ ದಿನ ಕೋಚ್ ನಮ್ಮನ್ನು ಕೂರಿಸಿಕೊಂಡರು. "ಸೋತ್ರೆ ಅವ್ನು ನಮ್ಮೋನು. ಅವ್ನಿಲ್ದೆ ಕಪ್ಪಿಲ್ಲ, ಕಪ್ಪಿಲ್ದೆ ಅಂಗಳ ಇಲ್ಲ. ಬ್ಯಾಡ ಅನ್ನೋರು ಈಗ್ಲೇ ಅನ್ರಲೇ."

ಯಾರೂ ಅನ್ನಲಿಲ್ಲ. ನಾನೂ.

ಜನಕ್ಕೆ ತಿಳಿಯದಿರಲೆಂದು ಅವರೊಂದು ಉಪಾಯ ಹೂಡಿದ್ದರು. ಅವರ ತಾಯಿ ರಾಯದುರ್ಗದ ಕಡೆಯವರು. ಸೂಚನೆಯನ್ನು ತೆಲುಗಿನಲ್ಲಿ ಕೊಡುವುದು: "ವದಿಲೇಯ್ ರಾ!" ಎಂದರೆ ಚೆಂಡು ಬಿಟ್ಟುಬಿಡು. ಎದುರಿಗಿರುವವರು ಆಂಧ್ರದ ಗಡಿ ಊರಿನವರೆಂಬುದು ಆ ಸಂಕಟದಲ್ಲಿ ಅವರಿಗೆ ಹೊಳೆದಿರಲೇ ಇಲ್ಲ.

ಪಂದ್ಯದಲ್ಲಿ ಎರಡು ಸಲ ಕೂಗಿದರು. ಮೂರನೆಯದಕ್ಕೆ ಮೊಳಕಾಲ್ಮೂರಿನ ಕ್ಯಾಪ್ಟನ್ ನಿಂತು ನಕ್ಕ. "ಏನ್ ಸಾರ್, ನಮ್ಮೂರಾಗೆ ಎಮ್ಮೆಗೂ ತೆಲುಗು ಬರ್ತೈತೆ! ಸೋಲೋದು ನಮಗೂ ಬರ್ತೈತೆ ಬಿಡ್ರಿ."

ಅಲ್ಲಿಂದ ಅವರೂ ಬಿಡತೊಡಗಿದರು. ನಾವು ಚೆಂಡನ್ನು ಗೆರೆಯಾಚೆ ಎಸೆದರೆ ಅವರು ಗೋಡೆಯಾಚೆ ಎಸೆದರು. ಜನ ಮೊದಲು ನಕ್ಕರು, ಆಮೇಲೆ "ಗೋಲಿ ಆಡೋಗ್ರಲೇ" ಎಂದು ಕೂಗಿದರು. ಇಬ್ಬರದೂ ಇಪ್ಪತ್ತೆರಡು. ಹದಿಮೂರು ನಿಮಿಷ ಒಂದು ಅಂಕವೂ ಇಲ್ಲ.

ಕೊನೆಯ ನಿಮಿಷದಲ್ಲಿ ಚೆಂಡು ನನ್ನ ಕೈಗೆ ಬಂತು, ರಿಂಗಿನ ಅಡಿಯಲ್ಲೇ. ಎದುರಾಳಿಗಳು ಸರಿದು ದಾರಿ ಬಿಟ್ಟರು. ಕೋಚ್ ಕಡೆ ನೋಡಿದೆ. ಆಟ ನೋಡಲು ಬಂದಿದ್ದ ಸಿದ್ದಾಪುರದವನು ಅವರ ಪಕ್ಕದಲ್ಲೇ ನಿಂತಿದ್ದ.

"ಸಾರ್, ಆಟ ಅಂದ್ರೆ ಹಿಂಗೇ ಏನ್ರಿ?" ಎಂದ. ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದ.

ಕೋಚ್ ಮುಖ ಸುಟ್ಟಂತಾಯಿತು. "ಹಾಕಲೇ!" ಎಂದು ಕನ್ನಡದಲ್ಲೇ ಚೀರಿದರು. "ನನ್ ಮಾತು ಕೇಳಬ್ಯಾಡ, ಹಾಕು!"

ಹಾಕಿದೆ. ಗೆದ್ದೆವು. ಆ ತರುಣ ಮೊಳಕಾಲ್ಮೂರಿಗೆ ಹೋದ, ಮರುವರ್ಷ ಕಪ್ಪೂ ಅಲ್ಲಿಗೇ ಹೋಯಿತು.

ಅದಾಗಿ ಎರಡು ವರ್ಷಕ್ಕೆ ಕೋಚ್ ತೀರಿಕೊಂಡರು. ಆದರೆ ಅವರೆಂದರೆ ನನಗೆ ನೆನಪಾಗುವುದು ಶೇಂಗಾ ಒಣಗಿಸಲೆಂದು ಅಂಗಳದ ರಿಂಗಿನ ಕಂಬ ಬಿಚ್ಚಿದ ಸಂಜೆ. ಗಿರಣಿಯ ಫಿಟ್ಟರ್ ಅವರೇ ಆದ್ದರಿಂದ ಆ ಕೆಲಸವೂ ಅವರ ಪಾಲಿಗೇ ಬಂದಿತ್ತು. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು, ಒಂದು ಕಂಬ ಇಳಿಸಿದರು. ಇನ್ನೊಂದಕ್ಕೆ ಸ್ಪ್ಯಾನರ್ ಹಚ್ಚಿದವರು ನನ್ನ ಕಡೆ ತಿರುಗಿದರು.

"ಚೆಂಡು ತಗಂಬಾರಲೇ."

ಸ್ಪ್ಯಾನರ್ ಕೆಳಗಿಟ್ಟು, ಬೆಳಕು ಇರುವವರೆಗೂ ಎಸೆದರು. ನಲವತ್ತೊಂದು ಎಸೆತ, ಬಿದ್ದದ್ದು ಹದಿನೇಳು. ನಾನು ಪಕ್ಕದಲ್ಲೇ ನಿಂತು ಎಣಿಸಿದ್ದೇನೆ: ಒಂದನ್ನೂ ಬೇಕೆಂದು ತಪ್ಪಿಸಲಿಲ್ಲ.