ನೀರು ಸೋರದ ಕಾರು

ನಮ್ಮ ಅಂಗಳಕ್ಕೆ ಆ ಕಾರು ಬಂದಿಳಿದ ದಿನ ಕೇರಿಯಲ್ಲಿ ಒಬ್ಬನೂ ಕೆಲಸಕ್ಕೆ ಹೋಗಲಿಲ್ಲ. ಅದು ನನ್ನ ಪ್ರತಾಪ. ಬಾರ್ಕೂರಿನ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಕೊಟ್ಟಿಗೆಯಿಂದ ಅದನ್ನು ಲಾರಿಗೆ ಹತ್ತಿಸಿ, ಬ್ರಹ್ಮಾವರದ ಮೇಲಿಂದ ಕುಂದಾಪುರಕ್ಕೆ ತರುವಾಗ ನಾನು ಲಾರಿಯ ಮುಂದೆ ಕೂರಲಿಲ್ಲ; ಲಾರಿಯ ಮೇಲಿದ್ದ ಕಾರಿನೊಳಗೇ ಕೂತೆ. ಚಕ್ರದಲ್ಲಿ ಗಾಳಿಯಿಲ್ಲ, ಬಾಗಿಲಿಗೆ ಹಿಡಿಯಿಲ್ಲ, ಸೀಟಿನೊಳಗೆ ಇಲಿಗಳ ಸಂಸಾರ. ಆದರೂ ತಲೆಗೆ ಮುಂಡಾಸು ಕಟ್ಟಿ, ದಾರಿಯುದ್ದಕ್ಕೂ ಮದುಮಗನ ಹಾಗೆ ಕೈಬೀಸುತ್ತ ಬಂದೆ. ಎಷ್ಟೋ ಜನ ತಿರುಗಿ ಕೈಬೀಸಿದರು. ಅಂಥ ಮೆರವಣಿಗೆ ನನ್ನ ಮದುವೆಗೂ ಆಗಿರಲಿಲ್ಲ.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಹ್ವಾಯ್, ತರ್ಕಾರಿ ತನ್ನಿ ಅಂದ್ರೆ ಗುಜ್ರಿ ತಂದ್ರ್ಯಾ?”

“ಗುಜ್ರಿ ಅಲ್ಲ ಮಾರಾಯ್ತಿ, ರಾಣಿ. ಚೂರು ಪ್ರಾಯ ಆಯ್ತ್ ಅಷ್ಟೇ, ನಿನ್ ಹಾಂಗೆ.”

ಅವತ್ತು ನನ್ನ ಬಟ್ಟಲಿಗೆ ಮೀನಿಲ್ಲದ ಮೀನುಸಾರು ಬಿತ್ತು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷಗಳಾಗಿದ್ದ ಕಾಲ ಅದು. ಮೀನುಗಾರಿಕೆಯ ಬೋಟುಗಳ ಇಂಜಿನ್ ಬಿಚ್ಚಿ ಕಟ್ಟಿಯೇ ನನ್ನ ಕೈ ಕಪ್ಪಾದದ್ದು. ಸತ್ತ ಇಂಜಿನ್ನನ್ನು ಎಬ್ಬಿಸುವುದರಲ್ಲಿ ನನಗೆ ಸಮ ಇನ್ನೊಬ್ಬನಿಲ್ಲ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಕಾರನ್ನು ತಂದದ್ದು ನನ್ನ ಚಪಲಕ್ಕಲ್ಲ, ಅಣ್ಣನಿಗಾಗಿ.

ಅಣ್ಣ ಮೀನುಗಾರರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡುತ್ತಿದ್ದ. ಅದಕ್ಕೇ ನೆಲ ಹಿಡಿದು ಡ್ರೈವರ್ ಆದ. ಹಂಚಿನ ಕಾರ್ಖಾನೆಯ ಧಣಿಗೆ ಪ್ರಾಯವೆಲ್ಲ ಅವನು ಓಡಿಸಿದ್ದು ಇದೇ ಕಪ್ಪು ಕಾರು, ಬ್ರಿಟಿಷರ ಕಾಲದ್ದು. ಈಗ ಅವನ ಕಣ್ಣಿನ ನರ ಒಣಗುತ್ತಿತ್ತು. ಲೋಕವನ್ನು ಕೊಳವೆಯೊಳಗಿಂದ ನೋಡಿದ ಹಾಗಾಗುತ್ತದೆ, ಆ ಕೊಳವೆ ಕಿರಿದಾಗುತ್ತ ಹೋಗುತ್ತದೆ ಎಂದಿದ್ದರು ಡಾಕ್ಟರು. ಹೋದ ದೃಷ್ಟಿ ಮರಳುವುದಿಲ್ಲ. ಅವತ್ತು ಬಸ್ಸಿನಲ್ಲಿ ಬರುವಾಗ ಅಣ್ಣ ಆಡಿದ್ದು ಒಂದೇ ಮಾತು:

“ಮಾಣಿ, ಆ ಕಾರ್ ಇನ್ನೂ ಕೊಟ್ಗೆಯಗೇ ಇತ್ತಂಬ್ರ್. ಕಣ್ ಪೂರಾ ಹೋಪುದ್ರೊಳ್ಗೆ ಒಂದ್ಸಲ ಬಿಡ್ಕ್.”

ಅವನು ಕೊನೆಯ ಸಲ ಕಾರು ಓಡಿಸುವುದು ಬಾರ್ಕೂರಿನಿಂದ ಹಂಗಾರಕಟ್ಟೆಗೆ ಗದ್ದೆಗಳ ನಡುವೆ ಹೋಗುವ ದಾರಿಯಲ್ಲಿ. ಬೆಳಿಗ್ಗೆ ಅಲ್ಲಿ ಗಾಡಿಗಳಿರುವುದಿಲ್ಲ. ಪಕ್ಕದಲ್ಲಿ ನಾನು, ಕೈ ಹ್ಯಾಂಡ್‌ಬ್ರೇಕಿನ ಮೇಲೆ. ಹಾಗೆಂದು ನಾವಿಬ್ಬರೇ ನಿಶ್ಚಯ ಮಾಡಿದ್ದೆವು. ಹೆಂಡತಿಗೆ ಹೇಳಿದ್ದರೆ ಇಬ್ಬರನ್ನೂ ಕಂಬಕ್ಕೆ ಕಟ್ಟುತ್ತಿದ್ದಳು.

ಇಂಜಿನ್ ನನ್ನ ಮಾತು ಕೇಳಿತು. ತೊಂದರೆಯಾದದ್ದು ಕಾಲಡಿಗೆ. ಆ ಕಾಲದ ಕಾರಿಗೆ ಕಾಲಿಡುವ ಜಾಗದಲ್ಲಿ ಮರದ ಹಲಗೆ ಹಾಸುತ್ತಿದ್ದರು; ಅದೆಲ್ಲ ಗೆದ್ದಲ ಪಾಲಾಗಿತ್ತು. ಕಾರಿನ ಮರಗೆಲಸ ಬಲ್ಲವರು ನಮ್ಮ ಕಡೆ ಯಾರಿದ್ದಾರೆ? ಹಂಗಾರಕಟ್ಟೆಯಿಂದ ದೋಣಿ ಕಟ್ಟುವ ಆಚಾರಿಯನ್ನು ಕರೆತಂದೆ. ಅವರು ದೋಣಿಗೆ ಮಾಡಿದ ಹಾಗೆಯೇ ಮಾಡಿದರು. ಹಲಗೆ ಹಲಗೆಯ ನಡುವೆ ಹತ್ತಿಯ ನೂಲು ತುರುಕಿ, ಎಣ್ಣೆಯಲ್ಲಿ ರಾಳ ಕಾಸಿ ಹೊಯ್ದು, ಒಂದು ಸೂಜಿಮೊನೆ ನುಸುಳದ ಹಾಗೆ ಬಿಗಿದರು.

“ಹೊಳಿಗೆ ಇಳ್ಸಿ ಬೇಕಾರೆ. ತೇಲತ್ತ್” ಎಂದರು.

“ತೇಲಿದ್ರೆ ಮೀನಿಗೆ ಬಲಿ ಬೀಸ್ವ, ಆಚಾರ್ರೆ. ಪೆಟ್ರೋಲಿನ ಕಾಸಾದ್ರೂ ಹುಟ್ಟಲಿ” ಎಂದೆ ನಾನು.

ಅಣ್ಣ ಮೊಣಕಾಲೂರಿ ಕೂತು ಹಲಗೆಗಳ ಮೇಲೆ ಅಂಗೈ ಆಡಿಸಿದ. ಸಂದು ಎಲ್ಲಿದೆ ಎಂದು ಅವನ ಬೆರಳಿಗೂ ಸಿಗಲಿಲ್ಲ. ಬಹಳ ದಿನಗಳ ಮೇಲೆ ಅವನು ನಕ್ಕದ್ದು ಆಗ.

ಕೆಲಸ ಮುಗಿದದ್ದು ಮಳೆ ಹಿಡಿಯುವ ಹೊತ್ತಿಗೆ. ಮರುದಿನವೇ ಹೊರಡುವವರಿದ್ದೆವು. ಆಚಾರಿ ತಡೆದರು.

“ನನ್ ಉಳಿ ತಾಗಿದ್ದ್ ಯಾವ್ದೂ ಮಳಿಗಾಲದಗೆ ಮೊದ್ಲ್ ಸಲ ಹೊರಡುಕಾಗ. ಹೊಸ ದೋಣಿ ನೀರಿಗಿಳ್ಸುದ್ ಸಮುದ್ರ ಪೂಜಿ ಆದ್ ಮೇಲೆ ಅಲ್ದಾ?”

“ಇದ್ ದೋಣಿ ಅಲ್ಲ, ಆಚಾರ್ರೆ!”

“ಅಡಿ ದೋಣಿದೇ ಅಲ್ದಾ?”

ನಾನು ಅಣ್ಣನ ಮುಖ ನೋಡಿದೆ. ಅವನು ದೋಣಿ ಬಿಟ್ಟಿದ್ದನೇ ಹೊರತು ದೋಣಿಯವರ ಕಟ್ಟಳೆಯನ್ನು ಬಿಟ್ಟಿರಲಿಲ್ಲ. ಮೊದಲ ಸಲ ಕಡಲಿಗೆ ಹೋದ ಹೊಸ ದೋಣಿಯೊಂದು ತಿರುಗಿ ಬಾರದ್ದನ್ನು ಚಿಕ್ಕಂದಿನಲ್ಲಿ ಕಂಡವನು. “ನೂಲ ಹುಣ್ಮಿ ವರೆಗೆ ಕಾಂಬ. ಅಲ್ಲಿವರೆಗೆ ಕಣ್ ಇರತ್ತ್” ಎಂದ.

ಶ್ರಾವಣದ ಆ ಹುಣ್ಣಿಮೆಯ ಸಮುದ್ರ ಪೂಜೆಗೆ ಕಾಯುತ್ತ, ಕಾರಿಗೆ ತೆಂಗಿನ ಮಡಲಿನ ಚಪ್ಪರ ಹಾಕಿ, ಅದರ ಮೇಲೊಂದು ನೀಲಿ ಪ್ಲಾಸ್ಟಿಕ್ ಬಿಗಿದೆವು. ಆ ವರ್ಷದ ಮಳೆ ಕಡಲ ಕಡೆಯಿಂದ ಅಡ್ಡಡ್ಡ ಹೊಡೆಯಿತು. ದಿನಾ ಬೆಳಿಗ್ಗೆ ನಾನು ಗೋಣಿಯ ಮೇಲೆ ಮಲಗಿ ಕಾರಿನ ಅಡಿಗೆ ತೂರಿ ನೋಡುತ್ತಿದ್ದೆ. ಅಡಿ ಒಣಗಿಯೇ ಇತ್ತು. ತೊಟ್ಟಿಕ್ಕಿದ ಗುರುತಿಲ್ಲ.

“ಹೆಂಗಿತ್ತಾ?” ಜಗುಲಿಯಿಂದ ಅಣ್ಣನ ದನಿ.

“ಒಂದ್ ಹನಿ ಇಲ್ಲೆ ಕಾಣ್. ಇಂಥ ಕಾರ್ ಬ್ರಿಟಿಷರೂ ಮಾಡ್ಲಿಲ್ಲೆ!”

ಅಣ್ಣನ ಚಪ್ಪಲಿ ಅಡಗಿಸುವುದು ನನ್ನ ಹಳೇ ಕಸುಬು. ಎಲ್ಲಿಟ್ಟರೂ ಹುಡುಕಿ ತೆಗೆದು, ಅದರಲ್ಲೇ ನನ್ನ ಬೆನ್ನಿಗೊಂದು ಬಿಡುತ್ತಿದ್ದ. ಆ ಮಳೆಗಾಲದಲ್ಲಿ ಒಂದು ದಿನ ಅದನ್ನು ಬಚ್ಚಲಿನ ಹೊಸ್ತಿಲ ಪಕ್ಕ, ಎದುರಿಗೇ ಇಟ್ಟಿದ್ದೆ. ಅವನು ಅದರ ಮುಂದೆಯೇ ನಿಂತು ಕಾಲಿನಿಂದ ನೆಲ ತಡವುತ್ತಿದ್ದ. ನಾನು ಸದ್ದಿಲ್ಲದೆ ಬಗ್ಗಿ ಚಪ್ಪಲಿಯನ್ನು ಅವನ ಪಾದಕ್ಕೆ ತಾಗಿಸಿದೆ. ಅವನಿಗೆ ನಾನೆಂದು ಗೊತ್ತಾಯಿತು. ಆದರೂ ಬೆನ್ನಿಗೆ ಏಟು ಬೀಳಲಿಲ್ಲ.

ಹುಣ್ಣಿಮೆಯಂದು ಆಚಾರಿ ತೆಂಗಿನಕಾಯಿ, ದಾಸವಾಳ ಹಿಡಿದು ಬಂದರು. ಪ್ಲಾಸ್ಟಿಕ್ ಸರಿಸಿ ಬಾಗಿಲೆಳೆದೆ. ದಡಾರನೆ ನೀರು ನನ್ನ ಕಾಲಿನ ಮೇಲೆ ಬಿತ್ತು. ನೀರಿನ ಜೊತೆ ಒಂದು ಕಪ್ಪೆ.

ಗಾಜಿನ ಅಂಚಿನ ಹಳೇ ರಬ್ಬರಿನ ಸಂದಿಯಿಂದ ಮಳೆ ಒಳಗೆ ಇಳಿದಿತ್ತು. ಸಾಧಾರಣ ಕಾರಾದರೆ ಹಲಗೆಯ ಸಂದಿನಲ್ಲಿ ಸೋರಿಹೋಗುತ್ತಿತ್ತು. ನಮ್ಮದು ದೋಣಿ. ಹೊರಗಿನ ನೀರನ್ನು ಒಳಗೆ ಬಿಡದ್ದು ಒಳಗಿನದನ್ನು ಹೊರಗೆ ಬಿಟ್ಟೀತೇ? ದೋಣಿಯಾದರೆ ಒಳಗಿನ ನೀರನ್ನು ದಿನಾ ಮೊಗೆದು ಚೆಲ್ಲುವವರಿರುತ್ತಾರೆ. ನಾವು ದಿನಾ ಅಡಿಯನ್ನು ನೋಡಿದೆವು, ಒಳಗನ್ನು ನೋಡಲಿಲ್ಲ. ಸೀಟಿನ ಕೆಳಗಿನ ಬ್ಯಾಟರಿ, ಹೊಸ ವಯರುಗಳು ಎಲ್ಲ ಮುಳುಗಿದ್ದವು. ಗೇರ್‌ಬಾಕ್ಸಿನ ಒಳಗೂ ಗೇರಿನ ಕಡ್ಡಿಯ ಬುಡದಿಂದ ನೀರು ಇಳಿದಿತ್ತು.

ಹೆಂಡತಿ ಓಡಿಬಂದಳು. “ಹ್ವಾಯ್, ಇದೆಂತ, ಕಾರಾ ಕೆರಿಯಾ?” ಎಂದು ನಗತೊಡಗಿದವಳು ಅಣ್ಣನನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡಳು.

ಆಚಾರಿ ಹಲಗೆಯ ಮೇಲೆ ಕೈಯಾಡಿಸಿ, “ಕಾಣಿ, ಒಂದ್ ಸಂದೂ ಬಿಡ್ಲಿಲ್ಲೆ” ಎಂದು ಬಾಯಿತಪ್ಪಿ ಹೆಮ್ಮೆಯಿಂದ ಹೇಳಿ, ಮತ್ತೆ ತಲೆ ಎತ್ತಲಿಲ್ಲ.

“ಎಂತ ಆಯ್ತಾ?” ಅಣ್ಣ ಕೇಳಿದ. ಅವನಿಗೆ ನೀರು ಬಿದ್ದ ಸದ್ದು ಮಾತ್ರ ಸಿಕ್ಕಿತ್ತು. ನಾಲ್ಕು ಮಾರು ದೂರದಲ್ಲೇ ನಿಂತಿದ್ದ.

“ಎಂತ ಇಲ್ಲೆ. ಚೂರು ವಯರ್ ಕೆಲ್ಸ. ಈ ವಾರದಗೆ ಹೋಪ” ಎಂದೆ. ನನ್ನ ಬಾಯಿಂದ ಬಂದ ಸುಳ್ಳನ್ನು ಯಾರೂ ನಂಬದೆ ಹೋದದ್ದು ಅದೇ ಮೊದಲು.

ಗೇರ್‌ಬಾಕ್ಸಿನ ಹಲ್ಲಿನ ಚಕ್ರಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಮುಂಬಯಿಯ ಹೋಟೆಲಿನಲ್ಲಿದ್ದ ಅಕ್ಕನ ಮಗ ರಜೆಯ ದಿನಗಳಲ್ಲೆಲ್ಲ ಅಲ್ಲಿನ ಗುಜರಿ ಅಂಗಡಿಗಳನ್ನು ಸುತ್ತಿದ. ಸಿಕ್ಕಿದ್ದು ಹೊಂದಲಿಲ್ಲ, ಹೊಂದುವಂಥದ್ದು ಸಿಗಲಿಲ್ಲ. ಕೊನೆಗೊಂದು ಬಸ್ಸಿನಲ್ಲಿ ಪಾರ್ಸೆಲ್ ಬಂದು ನಾನು ಎಲ್ಲವನ್ನೂ ಕೂಡಿಸುವಾಗ ಮಾವಿನ ಮರ ಹೂ ಬಿಟ್ಟಾಗಿತ್ತು. ಅಷ್ಟರಲ್ಲಿ ಅಣ್ಣನಿಗೆ ಬೆಳಕು ಯಾವ ಕಡೆ ಇದೆ ಎನ್ನುವಷ್ಟು ಮಾತ್ರ ಗೊತ್ತಾಗುತ್ತಿತ್ತು.

ಕೈಹಿಡಿದು ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಸ್ಟೇರಿಂಗ್ ಹಿಡಿದ. ಕ್ಲಚ್ ಒತ್ತಿ ಒಂದೊಂದೇ ಗೇರು ಹಾಕಿ ನೋಡಿದ. ಕೈಗೆ ಯಾವುದೂ ಮರೆತಿರಲಿಲ್ಲ.

“ಸ್ಟಾರ್ಟ್ ಮಾಡ್ಲಾ? ಅಂಗಳದಗೇ ಎರಡ್ ಸುತ್ತ್ ಹೊಡಿ. ಬದಿಯಗೆ ನಾನ್ ಇದ್ದೆ. ಗುದ್ದಿದ್ರೆ ನನ್ ಹೆಂಡ್ತಿ ತುಳ್ಸಿಕಟ್ಟಿಗೆ ತಾನೇ?”

ಅಣ್ಣ ನಗಲಿಲ್ಲ. “ಬ್ಯಾಡ ಮಾಣಿ. ಇಂಜಿನ್ ಶಬ್ದ ಕೇಂಡ್ರೆ ದಾರಿ ಕಾಣ್ಕ್ ಅನ್ಸತ್ತ್” ಎಂದ. ಸ್ಟೇರಿಂಗ್ ಬಿಟ್ಟು, “ಇಳ್ಸ್ ನನ್ನ” ಎಂದು ಕೈಚಾಚಿದ.

ಕಾರು ಈಗಲೂ ನಮ್ಮಲ್ಲಿದೆ. ಮದುವೆಗೆ ಬೇಕೆಂದು ಬೈಂದೂರಿನವರೆಗಿನ ಜನ ಕೇಳಿಕೊಂಡು ಬರುತ್ತಾರೆ. ಫೋಟೋ ತೆಗೆಸಿಕೊಳ್ಳುತ್ತಾರೆ, ನಾನು ಮೀಸೆ ತಿರುವಿ ಪಕ್ಕದಲ್ಲಿ ನಿಲ್ಲುತ್ತೇನೆ. ಆದರೆ ಅಣ್ಣ ಬದುಕಿದ್ದಷ್ಟು ವರ್ಷ, ಅವನ ಕಿವಿಗೆ ಬೀಳುವಂತೆ ಅಂಗಳದಲ್ಲಿ ನಾನು ಅದನ್ನು ಒಮ್ಮೆಯೂ ಸ್ಟಾರ್ಟ್ ಮಾಡಲಿಲ್ಲ. ಹೆಂಡತಿ ಹಿಂದಿನಿಂದ ತಳ್ಳಬೇಕು, ನಾನು ಕಿಟಕಿಯಲ್ಲಿ ಕೈಹಾಕಿ ಸ್ಟೇರಿಂಗ್ ಹಿಡಿದು ಎಳೆಯಬೇಕು. ಗೇಟು ದಾಟಿ, ದೇವಸ್ಥಾನದ ತಿರುವಿನವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ಅದನ್ನು ನಡೆಸಿಕೊಂಡು ಹೋಗುತ್ತಿದ್ದೆವು.