ಸದ್ದು ನುಂಗುವ ಹಲಗೆಗಳ ಮೇಸ್ತ್ರಿ

ಪ್ಯಾನೆಲ್ ಮೇಸ್ತ್ರಿಗೆ ಐವತ್ತೆರಡು ವರ್ಷ. ಅವನ ದಣಿವಿಗೆ ಇನ್ನೂ ಹತ್ತು ಹೆಚ್ಚೇ ಆಗಿರಬೇಕು. ಹಳೇ ಜೀನ್ಸು, ಹರಿದ ಕಂಬಳಿ, ಬಿಸಾಡಿದ ಪ್ಲಾಸ್ಟಿಕ್ ಬಾಟಲಿ ಎಲ್ಲವನ್ನೂ ಯಂತ್ರದಲ್ಲಿ ಹಿಂಜಿ ನಾರು ಮಾಡಿ, ಬಿಸಿ ಕೊಟ್ಟು ಒತ್ತಿದರೆ ಬೆರಳು ದಪ್ಪದ ಮೆತ್ತನೆ ಹಲಗೆಯಾಗುತ್ತದೆ. ಅದನ್ನು ಎಲೆಯಾಗಿ, ಅಲೆಯಾಗಿ, ಜೇನುಗೂಡಿನ ಕಣ್ಣಾಗಿ ಕತ್ತರಿಸಿ ಉಳ್ಳವರ ಗೋಡೆಗೆ ಅಂಟಿಸುವುದು ಅವನ ಕಸುಬು. ನೋಡೋಕೆ ಅಲಂಕಾರ, ಮಾಡುವ ಕೆಲಸ ಸದ್ದು ನುಂಗುವುದು. ಅಂಟಿಸುವ ಮೊದಲು ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟುತ್ತಾನೆ, ಮುಗಿದ ಮೇಲೆ ಇನ್ನೊಂದು. ಎರಡನೆಯದು ಹುಟ್ಟಿದಲ್ಲೇ ಸತ್ತರೆ ಕೆಲಸ ಸರಿಯಾಯಿತು ಎಂದರ್ಥ.

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಊರಿಗೆಲ್ಲ ಮೌನ ಹಂಚುವವನ ಸ್ವಂತ ಮನೆ ಸಂತೆಯಾಗಿತ್ತು. ಕೆಳಗೆ ತಗಡು ಬಡಿಯುವ ಅಂಗಡಿ, ಎದುರಿಗೆ ಬಸ್ಸು ತಿರುಗುವ ಮೂಲೆ, ಒಳಗೆ ಅಕ್ಕ. ಅಕ್ಕನಿಗೆ ಹುಟ್ಟಿನಿಂದ ಕಣ್ಣಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಒಬ್ಬರಿಗೊಬ್ಬರು ಅಂತ ಉಳಿದವರು ಇವರಿಬ್ಬರೇ. ಮದುವೆಯ ಮಾತು ಅವನ ಹತ್ತಿರ ಬಂದು ಬಂದು ತಾನೇ ಬೇಸತ್ತು ಹೋಗಿತ್ತು. ಅಕ್ಕ ಸುಮ್ಮನೆ ಕೂರುವ ಪೈಕಿಯಲ್ಲ. ನಾಲಿಗೆ ಲೊಚಗುಟ್ಟುತ್ತ ಬೆಳಗಿನಿಂದ ಮನೆಯಿಡೀ ಸರಸರನೆ ಓಡಾಡುವವಳು. ಅದು ಅವಳ ಚಾಳಿ ಅಂತ ಅಮ್ಮನೂ ಬಿಟ್ಟಿದ್ದಳು, ತಮ್ಮನೂ ಬಿಟ್ಟಿದ್ದ. ಹೈರಾಣಾಗಿ ಬಂದು ಮಲಗಿದ ದಿನ ಮಾತ್ರ ಆ ಲೊಚಲೊಚ ತಲೆಗೆ ಮೊಳೆ ಹೊಡೆದ ಹಾಗಾಗುತ್ತಿತ್ತು.

ಒಮ್ಮೆ ಕಾರ್ಖಾನೆಯಲ್ಲಿ ಒಂದು ಕಂತು ಹಲಗೆಯ ಬಣ್ಣ ಕೆಟ್ಟಿತು. ಗಿರಾಕಿ ಕೇಳಿದ್ದು ಕಡಲ ನೀಲಿ, ಬಂದದ್ದು ಕೆಸರು. "ತಗೊಂಡು ಹೋಗಿ ಮೇಸ್ತ್ರಿ, ಜಾಗ ಆದ್ರೂ ಖಾಲಿಯಾಗ್ಲಿ," ಅಂದರು ಮಾಲೀಕರು. ಎರಡು ಭಾನುವಾರ ಕೂತು ಹಾಲ್, ಓಣಿಯಂಥ ನಡುದಾರಿ, ತನ್ನ ಕೋಣೆ, ಎಲ್ಲಕ್ಕೂ ಅಂಟಿಸಿದ. ನಿನಗೆ ಬಸ್ಸಿನ ಕಾಟ ತಪ್ಪಲಿ ಅಂತ ಅಕ್ಕನಿಗೆ ಹೇಳಿದ. ಅದು ಅರ್ಧ ಸುಳ್ಳು, ಬೇಕಾಗಿದ್ದು ಅವನಿಗೇ. ಈ ಹಲಗೆ ಹೊರಗಿನ ಸದ್ದನ್ನೇನೂ ತಡೆಯುವುದಿಲ್ಲ; ಒಳಗೆ ಬಂದದ್ದು ಗೋಡೆಯಿಂದ ಗೋಡೆಗೆ ಹಾರಾಡದ ಹಾಗೆ ಹಿಡಿದಿಡುತ್ತದೆ ಅಷ್ಟೆ. ಅಷ್ಟಕ್ಕೇ ಮನೆ ತಣ್ಣಗಾಯಿತು. ಅವನು ಮೂರು ವಾರ ಮೈಮರೆತು ಮಲಗಿದ. ಅಕ್ಕನೂ ಕಿಟಕಿಯ ಪಕ್ಕದ ಕುರ್ಚಿ ಹಿಡಿದು ತೆಪ್ಪಗಾದಳು. ವಯಸ್ಸಾಯಿತು, ಮಾಗಿದಳು ಅಂದುಕೊಂಡ.

ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿದು ಮನೆಗೆ ಬಂದರೆ, ಅಕ್ಕ ನಡುದಾರಿಯಲ್ಲಿ ಎರಡೂ ಕೈ ಮುಂದೆ ಚಾಚಿ, ಕಾಲು ಎಳೆಯುತ್ತ ಬರುತ್ತಿದ್ದಳು. ನೋಡನೋಡುತ್ತಿದ್ದಂತೆ ಬಾಗಿಲ ಚೌಕಟ್ಟಿಗೆ ಹಣೆ ಬಡಿಯಿತು. ಹತ್ತಿರ ಹೋಗಿ ನೋಡಿದ. ಮೊಣಕಾಲಿನಲ್ಲಿ, ಮೊಣಕೈಯಲ್ಲಿ ಹಳೆಯ ಪೆಟ್ಟಿನ ನೀಲಿ ಕಲೆಗಳಿದ್ದವು.

"ಏನಕ್ಕ ಇದು?"

"ಗೋಡೆ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ ಕಣೋ. ಮೊದ್ಲು ನಾಲಿಗೆ ಸದ್ದು ಹೋಗಿ ಗೋಡೆ ಮುಟ್ಟಿ ವಾಪಸ್ ಬರ್ತಿತ್ತು. ಈಗ ಹೋಗಿದ್ದು ಬರೋದೇ ಇಲ್ಲ. ಬಯಲಲ್ಲಿ ನಿಂತ ಹಾಗಿರುತ್ತೆ."

ಚಪ್ಪಾಳೆ ತಟ್ಟಿ ಕೋಣೆ ಅಳೆಯುವವನಿಗೆ, ಅಕ್ಕ ಐವತ್ತು ವರ್ಷದಿಂದ ಮಾಡುತ್ತಿದ್ದುದೂ ಅದನ್ನೇ ಎಂದು ಹೊಳೆದಿರಲಿಲ್ಲ. ಹುಟ್ಟಿನಲ್ಲೇ ಹೋದ ಅವಳ ಕಣ್ಣನ್ನು ತಾನು ಕೈಯಾರೆ ಎರಡನೇ ಸಲ ಕಿತ್ತ ಹಾಗಾಯಿತು ಅನ್ನಿಸಿತು.

"ಮೂರು ವಾರ ಬಾಯಿ ಬಿಡ್ಲಿಲ್ವಲ್ಲ ನೀನು."

"ನೀನು ಗೊರಕೆ ಹೊಡೀತಿದ್ದೆ. ಎಷ್ಟು ವರ್ಷ ಆಗಿತ್ತು ಅದನ್ನ ಕೇಳಿ. ಕೆಡಿಸೋಕೆ ಮನಸ್ಸು ಬರ್ಲಿಲ್ಲ."

ಅವನು ಚೀಲದಿಂದ ಚಾಕು ತೆಗೆದು ಹಲಗೆ ಕೀಳತೊಡಗಿದ. ಅವನ ಅಂಟು ಸಾಮಾನ್ಯದ್ದಲ್ಲ; ಹಲಗೆಯ ಜೊತೆ ಗಾರೆಯೂ ಕಿತ್ತು ಬಂತು. ಹಾಲ್ ಮುಗಿಸಿ ನಡುದಾರಿ ಮುಗಿಸುವಷ್ಟರಲ್ಲಿ ಸಂಜೆಯಾಗಿ ರಟ್ಟೆ ಬಿದ್ದು ಹೋಗಿತ್ತು. ತನ್ನ ಕೋಣೆಯ ಕಡೆ ತಿರುಗಿದಾಗ ಅಕ್ಕ ಕೂತಲ್ಲಿಂದಲೇ ಹೇಳಿದಳು:

"ಅದು ಇರ್ಲಿ ಬಿಡು. ನಾನು ಆ ಕೋಣೆಗೆ ಬರಲ್ಲ. ಏನಾದ್ರೂ ಬೇಕಾದ್ರೆ ಬಾಗಿಲಲ್ಲೇ ನಿಂತು ಕರೀತೀನಿ."

ಇಲ್ಲ ಅಕ್ಕ, ಇಡೀ ಮನೆ ನಿಂದೂ ಅಲ್ವಾ ಅನ್ನಬೇಕಿತ್ತು. "ಆಯ್ತಕ್ಕ," ಅಂದ. ಅಷ್ಟು ಬೇಗ ಒಪ್ಪಿಕೊಂಡಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಆದರೂ ಒಳಗೆ ಹೋಗಿ ಮಲಗಿದ, ನಿದ್ದೆಯೂ ಬಂತು.