ಗಾಳ ಕಟ್ಟುವ ಕೈ

"ಗಾಳ ಕಟ್ಟೂ ಕೈಲೆ ಪಿಂಛಿ ಕಟ್ಟಬಾರದು" ಎಂದು ಬಸದಿ ಕಮಿಟಿಯವನು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ನಾನೇ ಮಾಡಿಕೊಟ್ಟ ಚಹಾ ಕುಡಿಯುತ್ತ ಹೇಳಿದ. ಆ ಮಾತಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಪಿಂಛಿ ಎಂದರೆ ನಮ್ಮ ದಿಗಂಬರ ಮುನಿಗಳ ಕೈಯಲ್ಲಿರುವ ನವಿಲುಗರಿಯ ಗುಚ್ಛ. ಕೂರುವ ಮೊದಲು, ಕಮಂಡಲ ಇಡುವ ಮೊದಲು, ಆ ಜಾಗದಲ್ಲಿರುವ ಇರುವೆ ಹುಳುಗಳನ್ನು ನೋವಾಗದಂತೆ ಅದರಿಂದ ಸರಿಸುತ್ತಾರೆ. ನವಿಲು ತಾನಾಗಿ ಉದುರಿಸಿದ ಗರಿಯೇ ಆಗಬೇಕು. ಚಾತುರ್ಮಾಸ ಮುಗಿದ ಮೇಲೆ ಹಳೆಯದನ್ನು ಬಿಟ್ಟು ಹೊಸದನ್ನು ಸ್ವೀಕರಿಸುತ್ತಾರೆ. ನಮ್ಮೂರಲ್ಲಿ ಮುನಿಗಳು ನಿಂತಾಗಲೆಲ್ಲ ಆ ಹೊಸದು ಹೋಗುತ್ತಿದ್ದದ್ದು ನಮ್ಮ ಮನೆಯಿಂದ. ನಮ್ಮ ಅತ್ತೆ ಕಟ್ಟುತ್ತಿದ್ದರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನನಗೂ ಕಲಿಸಿದರು. ಕಬ್ಬಿನ ಬದುವಿನಲ್ಲಿ ಆಯ್ದು ತಂದ ಗರಿಯ ತುದಿಯನ್ನು ತೆರೆದ ಕಣ್ಣಿಗೆ ಮೆಲ್ಲಗೆ ತಾಗಿಸಬೇಕು. ಚುಚ್ಚದಿದ್ದರೆ ಮಾತ್ರ ಅದು ಪಿಂಛಿಗೆ. ಚುಚ್ಚಿದರೆ ಎಷ್ಟೇ ಚೆಂದವಿದ್ದರೂ ಬದಿಗೆ.

ಇನ್ನು ಗಾಳದ ವಿಷಯ. ಅಥಣಿ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ ನಾನು ನೊಣ ಕಟ್ಟುವ ಕೆಲಸ ಮಾಡುತ್ತೇನೆ. ನಗಬೇಡಿ. ಹೊರದೇಶದ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನು ಹಿಡಿಯುವವರು ಗಾಳಕ್ಕೆ ಎರೆಹುಳು ಚುಚ್ಚುವುದಿಲ್ಲವಂತೆ. ಅಕ್ಕಿಕಾಳಿನಷ್ಟು ಗಾಳಕ್ಕೆ ಕೂದಲಿಗಿಂತ ಸಣ್ಣ ನೂಲಿನಿಂದ ಗರಿ ಸುತ್ತಿ, ಥೇಟ್ ನೊಣದ ಹಾಗೆ ಮಾಡಿ ನೀರಿನ ಮೇಲೆ ಎಸೆಯುತ್ತಾರೆ. ಆ ನೊಣ ಕಟ್ಟುವವರು ನಾವು. ಶೆಡ್ಡಿನಲ್ಲಿ ಫ್ಯಾನು ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಜೋರಾಗಿ ಉಸಿರು ಬಿಟ್ಟರೂ ಗರಿ ಹಾರಿಹೋಗುತ್ತದೆ. ಏಪ್ರಿಲ್ ಬಿಸಿಲಿಗೆ ತಗಡು ಕಾದು ತಲೆಯ ಮೇಲೆ ಕೂತಿರುವಾಗ, ಬೆವರಿದ ಬೆರಳನ್ನು ಮತ್ತೆ ಮತ್ತೆ ಒರೆಸಿಕೊಂಡು ಗರಿ ಹಿಡಿಯಬೇಕು. ಬೆವರು ತಾಗಿದರೆ ಎಳೆಗಳು ಅಂಟಿಕೊಳ್ಳುತ್ತವೆ. ನೂಲು ಸಡಿಲಾದರೆ ಗರಿ ಜಾರುತ್ತದೆ, ಚೂರು ಹೆಚ್ಚು ಬಿಗಿದರೆ ದಂಟೇ ತುಂಡಾಗುತ್ತದೆ. ಅಲ್ಲಿ ಕೂತು ಎದ್ದು ಬಂದವರಿಗೆ ಮಾತ್ರ ಆ ಕುತ್ತಿಗೆ ನೋವು ಗೊತ್ತು.

ಶೆಡ್ಡಿನ ಮಾಲೀಕ ಮಿರಜಿನವನು. ಮೊದಲ ವಾರ ಹುಂಜದ ಕುತ್ತಿಗೆಯ ಗರಿಗಳ ರಾಶಿ ಮುಂದಿಟ್ಟು, "ಚಲೋ ಚಲೋವು ಆರಿಸಿ ಕಟ್ಟರಿ ತಾಯಿ" ಎಂದ. ನನಗೆ ಚಲೋ ಎಂದರೆ ಮೆತ್ತಗಿರುವುದು. ಒಂದೊಂದನ್ನೂ ಕಣ್ಣಿಗೆ ತಾಗಿಸಿ, ಚುಚ್ಚದ್ದನ್ನೇ ಆರಿಸಿ, ಶ್ರದ್ಧೆಯಿಂದ ಕಟ್ಟಿಕೊಟ್ಟೆ. ಅವನು ಒಂದು ಬಟ್ಟಲು ನೀರಿನಲ್ಲಿ ಹಾಕಿದ. ನನ್ನ ನೊಣಗಳೆಲ್ಲ ತಳಕ್ಕೆ ಹೋಗಿ ಕೂತವು. ಮೆತ್ತನೆಯ ಗರಿ ನೀರು ಕುಡಿಯುತ್ತದೆ. ತೇಲಬೇಕಾದರೆ ನೀರಿನ ಮೇಲೆ ಕಾಲೂರಿ ನಿಲ್ಲುವಂಥ ಗಡಸು ಎಳೆಗಳೇ ಬೇಕು.

"ಕಣ್ಣಿಗಲ್ರಿ, ತುಟಿಗಿ ಹಚ್ಚಿ ನೋಡ್ರಿ. ಚುಚ್ಚಿದ್ರ ಅದ ಖರೆ ಮಾಲ" ಎಂದ.

ಅತ್ತೆ ಯಾವುದನ್ನು ಬದಿಗಿಡು ಎಂದಿದ್ದರೋ ಅದನ್ನೇ ಇವನು ಆರಿಸು ಎನ್ನುತ್ತಿದ್ದ. ಮನಸ್ಸಿನಲ್ಲೇ ಬೈದುಕೊಳ್ಳುತ್ತ ಕಲಿತೆ. ಗರಿಯನ್ನು ಬಾಗಿಸುವುದು, ಕೆಳತುಟಿಗೆ ತಾಗಿಸುವುದು, ಚುಚ್ಚಿದರೆ ಕಟ್ಟುವುದು. ಬರಬರುತ್ತ ಕೈ ತಾನಾಗಿಯೇ ತುಟಿಗೆ ಹೋಗತೊಡಗಿತು.

ಈ ಚಾತುರ್ಮಾಸದ ಹೊತ್ತಿಗೆ ಅತ್ತೆಯ ಕೈ ನಡುಗುತ್ತಿತ್ತು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ತಾಟಿಗೆ ಬೀಳುತ್ತಿತ್ತು. ಅವರು ಏನನ್ನೂ ಕೇಳುವವರಲ್ಲ. ಅಂಥವರು ಒಂದು ದಿನ ಗರಿಗಳ ಗಂಟು ತಂದು ನನ್ನ ಮುಂದಿಟ್ಟರು. "ಈ ಸಲದ್ದು ನೀ ಕಟ್ಟವಾ. ನಮ್ಮ ಮನೀದು ಮುನಿಗಳ ಕೈಯಾಗ ಇದ್ದದ್ದು ಇನ್ನೊಮ್ಮೆ ನೋಡಬೇಕಾಗೇತಿ."

ಇದು ಗೊತ್ತಾಗಿಯೇ ಕಮಿಟಿಯವನು ಬಂದದ್ದು. ನನ್ನ ಗಂಡನ ವಾರಿಗೆಯವನು, ಊರಲ್ಲಿ ಜಾಸ್ತಿ ಕಬ್ಬು ಇರುವವನು. ಅತ್ತೆಯನ್ನು ಚಿಕ್ಕಮ್ಮನೆಂದು ಕಾಕು ಎನ್ನುತ್ತಾನೆ, ನನ್ನನ್ನು ಅತ್ತಿಗೆಯೆಂದು ವೈನಿ.

"ತಪ್ಪ ತಿಳ್ಕೋಬ್ಯಾಡ್ರಿ ಕಾಕು. ವೈನಿ ಆ ಕೆಲಸ ಬಿಟ್ಟ ಕಟ್ಟಲಿ, ನಂದೇನೂ ತಕರಾರಿಲ್ಲ. ಮೀನ ಹಿಡಿಯೂ ಸಾಮಾನ ಕಟ್ಟಿದ ಕೈಲೆ ಪಿಂಛಿ ಅಂದ್ರ ಮಂದಿ ಏನಂದಾರು?"

ನಾನು ಬಾಗಿಲ ಒಳಗೆ ನಿಂತು ಕೇಳುತ್ತಿದ್ದವಳು ಹೊರಗೆ ಬಂದೆ. "ಹಂಗಾರ ರವದಿಗಿ ಬೆಂಕಿ ಹಚ್ಚೂ ಕೈಗೆ ಏನಂತಾರ್ರಿ ಮಂದಿ?"

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗಿದ ಎಲೆಗೆ ನಮ್ಮ ಕಡೆ ರವದಿ ಎನ್ನುತ್ತಾರೆ. ಅವನು ಪ್ರತಿ ವರ್ಷ ಸುಡುತ್ತಾನೆ. ಅದರೊಳಗೆ ಇಲಿ, ಓತಿಕ್ಯಾತ, ಮಿಡತೆ, ಹೆಸರೇ ಗೊತ್ತಿಲ್ಲದ ಎಷ್ಟು ಜೀವ! ಸಂಜೆಯಾದ ಮೇಲೆ ಉಣ್ಣದೆ ವ್ರತ ಕಾಯುವ ಮನುಷ್ಯ, ಹೊಲದ ತುದಿಯಲ್ಲಿ ನಿಂತು ಕಡ್ಡಿ ಗೀರುತ್ತಾನೆ.

"ಅದು ಒಕ್ಕಲುತನ, ವೈನಿ. ಅದು ಬ್ಯಾರೆ."

"ನಂದೂ ದುಡಿಮೀನ ಐತ್ರಿ. ಬ್ಯಾರೆ ಹೆಂಗಾತು?"

ಅವನು, ಸೊಸೆಯ ಕೂಡ ಏನು ವಾದ ಎಂಬಂತೆ ಅತ್ತೆಯ ಕಡೆ ತಿರುಗಿ ದನಿ ತಗ್ಗಿಸಿದ. "ಒಂದ ಕೆಲಸ ಮಾಡ್ರಿ ಕಾಕು. ಯಾರ ಕೇಳಿದ್ರೂ ನೀವ ಕಟ್ಟೀರಿ ಅಂತ ಹೇಳ್ರಿ. ನಾ ಏನೂ ನೋಡಿಲ್ಲ, ಕೇಳಿಲ್ಲ."

ನನಗೆ ಮೈ ಉರಿದುಹೋಯಿತು. ಗಾಳ ಕಟ್ಟಿದ ಕೈ ಆಗುವುದಿಲ್ಲವಂತೆ, ಸುಳ್ಳು ಹೇಳಿದ ಬಾಯಿ ನಡೆಯುತ್ತದಂತೆ! ಅತ್ತೆ ಮಡಿಲಲ್ಲಿ ನಡುಗುವ ಕೈಗಳನ್ನೇ ನೋಡುತ್ತ ಕೂತಿದ್ದರು. ಅವನು ಚಹಾದ ಬಸಿ ಕೆಳಗಿಟ್ಟು ಎದ್ದು ಹೋದ.

ಆಮೇಲೆ ನನ್ನ ಸಿಟ್ಟೆಲ್ಲ ಅತ್ತೆಯ ಮೇಲೆ ತಿರುಗಿತು. "ಅವ ಅಷ್ಟ ಅಂದ್ರೂ ಸುಮ್ಮ ಕುಂತ್ರೆಲ್ಲಾ! ಮೀನ ಸಾಯಂಗಿಲ್ರಿ ಅತ್ತಿ. ಹಿಡದು ಫೋಟೋ ಹೊಡಕೊಂಡು ತಿರುಗಿ ನೀರಾಗ ಬಿಡ್ತಾರಂತ. ಮಾಲೀಕ ಹೇಳ್ಯಾನ. ಅದನ್ನರ ಹೇಳಬೇಕಿತ್ತಿಲ್ಲೋ?"

ಅತ್ತೆ ತಲೆಯೆತ್ತಿ ಕೇಳಿದರು: "ಬಿಡೂದ ಇದ್ರ ಹಿಡೀತಾರ ಯಾಕವಾ?"

ಆ ಪ್ರಶ್ನೆಗೆ ನನಗೆ ಇನ್ನಷ್ಟು ಸಿಟ್ಟು ಬಂತು. ಶೆಡ್ಡಿನ ದುಡಿಮೆಯಿಂದಲೇ ಈ ಮನೆಗೆ ಹಾಲು, ಎಣ್ಣೆ, ಅವರ ಗುಳಿಗೆ ಬರುತ್ತಿದ್ದವು. ಅದನ್ನು ಬಾಯಿಬಿಟ್ಟು ಹೇಳುವಷ್ಟು ಸಣ್ಣವಳಾಗಬಾರದೆಂದು ತುಟಿ ಕಚ್ಚಿಕೊಂಡೆ. ಅತ್ತೆಯೇ ಗರಿಗಳ ಗಂಟು ಬಿಚ್ಚಿದರು. "ಕೂಡು. ಕಟ್ಟು. ಕೇಳಿದ್ರ ನೀನ ಕಟ್ಟೀದಿ ಅಂತ ಹೇಳತೀನಿ. ಅವ ಒಲ್ಲೆ ಅಂದ್ರ ತಿರುಗಿ ತರೂಣು."

ಕೂತೆ. ಮೊದಲ ಗರಿ ಎತ್ತಿಕೊಂಡೆ. ತಲೆಯಲ್ಲಿ ಅವನಿಗೆ ಕೊಡಬೇಕಾಗಿದ್ದ ಉತ್ತರಗಳೇ ಓಡುತ್ತಿದ್ದವು. ಗರಿ ಬಾಗಿತು, ಕೈ ಮೇಲೆದ್ದಿತು, ಎಳೆಗಳು ಕೆಳತುಟಿಗೆ ತಾಗಿದವು. ಅತ್ತೆ ನೋಡುತ್ತಲೇ ಇದ್ದರು.

ಮುನಿಗಳ ಕೈಗೆ ಹೋಗುವ ಗರಿಯನ್ನು ಎಂಜಲು ಮಾಡಿದ್ದೆ. ಅದಕ್ಕಿಂತ ಹೆಚ್ಚಾಗಿ, ಚುಚ್ಚುತ್ತದೆಯೋ ಎಂದು ನೋಡಿದ್ದೆ. ಕಮಿಟಿಯವನ ಮಾತನ್ನು ನನ್ನ ಕೈಯೇ ಖರೆ ಮಾಡಿತಲ್ಲ ಎಂದು ಅಳು ನುಗ್ಗಿ ಬಂತು.

ಅತ್ತೆ ಬೈಯಲಿಲ್ಲ. "ಅದನ್ನ ಬದಿಗಿಡು. ಬಾಯಿ ತೊಳಕೊಂಡ ಬಾ" ಎಂದರು. ಬಂದು ಕೂತಾಗ ಇನ್ನೊಂದು ಗರಿ ಅವರ ಕೈಯಲ್ಲಿತ್ತು. "ಕಣ್ಣ ಮುಚ್ಚಬ್ಯಾಡ" ಎನ್ನುತ್ತ, ನಡುಗುವ ಕೈಯಿಂದ ಅದನ್ನು ನನ್ನ ಕಣ್ಣಿನ ಹತ್ತಿರ ತಂದರು. ತುದಿ ಅತ್ತಿತ್ತ ಹೊಯ್ದಾಡುತ್ತ ಕಣ್ಣಿಗೇ ತಾಗಿತು.

"ಚುಚ್ಚತೈತೇನ?"

"ಇಲ್ರಿ."

"ಹಂಗಾರ ಅದನ್ನ ಕಟ್ಟು."

ಹಾಗೇ ಆರಿಸಿದೆವು. ಪ್ರತಿ ಗರಿಯೂ ಅವರ ಕೈಯಿಂದ ನನ್ನ ಕಣ್ಣಿಗೆ, ಕಣ್ಣಿನಿಂದ ನೂಲಿಗೆ. ಅಷ್ಟು ಚೆಂದದ ಪಿಂಛಿ ನಮ್ಮ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಪಿಂಛಿ ಬದಲಿಸುವ ದಿನ ಬಸದಿಯ ಬಾಗಿಲಲ್ಲೇ ಕಮಿಟಿಯವನು ನಿಂತಿದ್ದ. ಹತ್ತು ಮಂದಿ ಕೇಳುವಂತೆ, "ಇದು ನೀವ ಕಟ್ಟಿದ್ದ ಹೌದಲ್ರಿ ಕಾಕು?" ಎಂದ. ಹೂಂ ಎಂದಿದ್ದರೆ ಸಾಕಿತ್ತು.

"ನಮ್ಮ ಸೊಸಿ ಕಟ್ಟ್ಯಾಳಪಾ. ಕೆಲಸಾನೂ ಬಿಟ್ಟಿಲ್ಲ" ಎಂದರು ಅತ್ತೆ.

ಅವನು ಅದನ್ನು ಮುಟ್ಟಲೂ ಇಲ್ಲ. ಒಳಗೆ ಪೇಟೆಯಿಂದ ತಂದದ್ದು ಸಿದ್ಧವಿತ್ತು. ಅತ್ತೆ ಜಗಳವಾಡಲಿಲ್ಲ. ಹೇಳಿದಂತೆ ತಿರುಗಿ ತಂದರು. ದಾರಿಯುದ್ದಕ್ಕೂ ನಾನು ಅವನ ಮನೆತನವನ್ನೆಲ್ಲ ಬೈಯುತ್ತ ಬಂದೆ, ಅತ್ತೆ ಬೇಡ ಎನ್ನಲಿಲ್ಲ.

ಕಬ್ಬಿನ ಹಂಗಾಮು ಶುರುವಾಯಿತು. ಉಗಾರದ ಸಕ್ಕರೆ ಕಾರ್ಖಾನೆಯ ಕಡೆ ಟ್ರ್ಯಾಕ್ಟರುಗಳು ಓಡಿದವು. ಒಂದು ಮಧ್ಯಾಹ್ನ ಅವನ ಹೊಲದ ರವದಿ ಹೊತ್ತಿಕೊಂಡಿತು. ಗಾಳಿ ನಮ್ಮ ಕಡೆಗಿತ್ತು. ಕರಿ ಬೂದಿ ಅಂಗಳಕ್ಕೆಲ್ಲ, ಒಣಹಾಕಿದ ಹಪ್ಪಳಕ್ಕೆಲ್ಲ ಉದುರಿತು. ನಾನು ಶಾಪ ಹಾಕುತ್ತ ಕಸಬರಿಗೆ ಹಿಡಿದು ಹೊರಗೆ ಬಂದೆ.

"ತಡಿ" ಎಂದರು ಅತ್ತೆ. ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು, ಕೈಯಲ್ಲಿ ಆ ಪಿಂಛಿ. ಬೂದಿಯ ನಡುವೆ ಒಂದು ಮಿಡತೆ ಬಿದ್ದಿತ್ತು. ಒಂದು ಕಾಲು ಸುಟ್ಟುಹೋಗಿತ್ತು, ಇನ್ನೂ ಜೀವವಿತ್ತು. ನಡುಗುವ ಕೈಯಿಂದ ಅದನ್ನು ಚೂರು ಚೂರೇ ಸರಿಸುತ್ತ ದಾಸವಾಳದ ಬುಡದ ನೆರಳಿಗೆ ಮುಟ್ಟಿಸಿದರು.

"ಚಲೋ ಕಟ್ಟೀದಿ" ಎಂದರು. "ಇದಕ್ಕ ಏನೂ ಚುಚ್ಚಲಿಲ್ಲ."